ಷಡಕ್ಷರಪ್ಪ ಮೇಷ್ಟ್ರ ಕಿವಿ

ಹಾರನಹಳ್ಳಿಯ ಷಡಕ್ಷರಪ್ಪನಿಗೆ ಎರಡೂವರೆ ಎಕರೆ ತೆಂಗಿನ ತೋಟವಿತ್ತು, ಒಂದು ಹಳೆಯ ಹಾರ್ಮೋನಿಯಂ ಇತ್ತು, ಕೈಯಾರೆ ಬರೆದ ದಪ್ಪನೆಯ ನೋಟ್‌ಬುಕ್ಕಿತ್ತು. ಗುರು ಮಾತ್ರ ಇರಲಿಲ್ಲ. ಹತ್ತನೆಯ ತರಗತಿಗೇ ಓದಿಗೆ ಕೈಮುಗಿದು ಮಣ್ಣಿಗಿಳಿದ ಮನುಷ್ಯ. ರೇಡಿಯೋಗೆ ಕಿವಿಯಂಟಿಸಿ ಕೂತು, ರಟ್ಟು ಕಿತ್ತುಹೋದ ಯಾರದೋ ಸಂಗೀತ ಪಾಠದ ಪುಸ್ತಕವನ್ನು ಸಾಲುಸಾಲಾಗಿ ನಕಲು ಮಾಡಿ, ಏಳು ಸ್ವರಗಳನ್ನು ಮುಳ್ಳುಬೇಲಿಯೊಳಗಿನ ಹಣ್ಣು ಕಿತ್ತಂತೆ ಒಂದೊಂದಾಗಿ ಕಿತ್ತುಕೊಂಡಿದ್ದ. "ನಿಮ್ಮ ಗುರುಗಳು ಯಾರು?" ಎಂದು ಯಾರಾದರೂ ಕೇಳಿದರೆ ಬಲಗಿವಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸುತ್ತಿದ್ದ. "ಇದೇ ನನ್ನ ಗುರು, ಇದೇ ನನ್ನ ಮಠ."

ಇಪ್ಪತ್ತೆಂಟು ವರ್ಷದಿಂದ ಅವನ ಪಡಸಾಲೆಯಲ್ಲಿ ಮಕ್ಕಳು ಸರಳೆವರಸೆ ಹಾಡುತ್ತಿದ್ದರು. ಜೂನಿಯರ್ ಪರೀಕ್ಷೆಗೆ ಅವನು ಕಟ್ಟಿದ ಮಕ್ಕಳಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಹಾಡಿನ ಪರೀಕ್ಷೆ ಒಂದು, ಶಾಸ್ತ್ರದ ಪರೀಕ್ಷೆ ಇನ್ನೊಂದು. ಶಾಸ್ತ್ರವೆಂದರೆ ಶಬ್ದಗಳ ಅರ್ಥ ಬರೆಯುವುದು: ನಾದ, ಶ್ರುತಿ, ಸ್ಥಾಯಿ, ತಾಳ, ಆವರ್ತ. ಮಕ್ಕಳಿಗೆ ಅದು ಹಾಗಲಕಾಯಿ. ಷಡಕ್ಷರಪ್ಪನ ಕೈಯಲ್ಲಿ ಮಾತ್ರ ಅದಕ್ಕೆ ಬೆಲ್ಲ ಬೀಳುತ್ತಿತ್ತು.

"ಶ್ರುತಿ ಅಂದ್ರೇನು, ಹೇಳೇ ನಯನಾ."

"ಗಾನಕ್ಕೆ ಆಧಾರವಾದ ನಾದವೇ ಶ್ರುತಿ."

"ಅದು ಪರೀಕ್ಷೆಗೆ. ನಿಂಗೆ?"

"ಹಸು ಕಟ್ಟೋ ಗೂಟ ಮೇಷ್ಟ್ರೇ. ಎಲ್ಲಿ ಮೇದ್ರೂ ಹಗ್ಗ ಅಲ್ಲಿಗೇ ಬರ್ಬೇಕು."

"ಭೇಷ್! ಆವರ್ತ?"

"ಗಾಣದೆತ್ತು ಒಂದು ಸುತ್ತು ಸುತ್ತಿ ಹೊರಟ ಜಾಗಕ್ಕೇ ಬರೋದು."

ಹೀಗೆ ಮಂದ್ರಸ್ಥಾಯಿ ನೆಲದೊಳಗೆ ರಾಗಿ ತುಂಬುವ ಹಗೇವು, ಮಧ್ಯಸ್ಥಾಯಿ ಪಡಸಾಲೆ, ತಾರಸ್ಥಾಯಿ ಅಟ್ಟ. ಆರೋಹಣವೆಂದರೆ ತೆಂಗಿನಮರ ಹತ್ತುವುದು, ಅವರೋಹಣ ಇಳಿಯುವುದು. ತುದಿಯಲ್ಲಿ ಮೇಲಿನ ಷಡ್ಜ. "ಗರಿಗೆ ಕೈ ತಾಗಿತು ಅಂತ ನಿಲ್ಬಾರ್ದು, ಗೊನೆಗೇ ಕೈ ಹಾಕ್ಬೇಕು" ಎನ್ನುತ್ತಿದ್ದ. ನಯನಾ ಎರಡು ಮನೆಯಾಚೆಯ ಗೊಬ್ಬರದಂಗಡಿ ಬಸವಕುಮಾರನ ಮಗಳು. ಎಂಟನೆಯ ತರಗತಿಯಲ್ಲಿ ಪಾಠಕ್ಕೆ ಕೂತ ಮೊದಲ ವರ್ಷ ಅವಳು ಮೇಲಿನ ಷಡ್ಜಕ್ಕೆ ಕೈ ಹಾಕಿದರೆ ಗೆರೆ ಹೊಡೆದಂತೆ ಸೇರುತ್ತಿತ್ತು. ಷಡಕ್ಷರಪ್ಪನಿಗೆ ಮೈ ಜುಂ ಎನ್ನುತ್ತಿತ್ತು. ಇವಳನ್ನು ವಿದ್ವತ್ ಪರೀಕ್ಷೆಯವರೆಗೂ ಕರೆದೊಯ್ಯಬೇಕೆಂದು ಒಳಗೊಳಗೇ ಹರಕೆ ಕಟ್ಟಿಕೊಂಡಿದ್ದ.

ಕೇಡು ಕಾಣಿಸಿಕೊಂಡದ್ದು ಅಟ್ಟದ ಮೇಲೆ. ಆ ಕಡೆಯವರು ಕಾಯಿಯನ್ನು ಸಿಪ್ಪೆ ಸಮೇತ ವರ್ಷಗಟ್ಟಲೆ ಅಟ್ಟದಲ್ಲಿ ಒಣಗಲು ಬಿಡುತ್ತಾರೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದಾಗ, ಅಲ್ಲಾಡಿಸಿದರೆ ಗೊಟಗೊಟ ಎನ್ನುತ್ತದೆ. ಆ ಸದ್ದು ಬಂದರೆ ಸುಲಿಯಬೇಕು, ಬಾರದಿದ್ದರೆ ಕಾಯಬೇಕು. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಸುಲಿಯುವವರು ಬಂದು ಅಂಗಳದಲ್ಲಿ ಮಚ್ಚು ಮಸೆಯುತ್ತಿದ್ದರು. ಷಡಕ್ಷರಪ್ಪ ಏಣಿ ಹತ್ತಿ ಒಂದು ಕಾಯಿ ಅಲ್ಲಾಡಿಸಿದ, ಎರಡು ಅಲ್ಲಾಡಿಸಿದ, ಹತ್ತು ಅಲ್ಲಾಡಿಸಿದ.

"ಇನ್ನೂ ಆಗಿಲ್ಲ ಕಣ್ರಪ್ಪ. ಹಸೀ ಐತೆ. ತಿಂಗಳು ಬಿಟ್ಟು ಬನ್ನಿ" ಎಂದು ಅವರನ್ನು ಕಳಿಸಿಬಿಟ್ಟ.

ಅವರು ಬೀದಿ ತಿರುಗುವ ಮುಂಚೆ ಹೆಂಡತಿ ಲಲಿತಮ್ಮ ಅವನು ಅಟ್ಟದಿಂದ ಇಳಿಸಿದ್ದ ಒಂದು ಕಾಯಿಯನ್ನು ಕೈಗೆತ್ತಿಕೊಂಡು ಅಲ್ಲಾಡಿಸಿದಳು. ಗಂಡನ ಮುಖ ನೋಡಿದಳು. ಮತ್ತೆ ಅಲ್ಲಾಡಿಸಿದಳು.

"ರೀ, ಗೊಟಗೊಟ ಅಂತೈತಲ್ರೀ."

"ನಿನ್ನ ಬಳೆ ಸದ್ದು ಕಣೇ ಅದು."

ಲಲಿತಮ್ಮ ಬಳೆಗಳನ್ನು ಮೊಣಕೈಗೇರಿಸಿ ಇನ್ನೊಮ್ಮೆ ಅಲ್ಲಾಡಿಸಿದಳು. ಕಾಯಿಯನ್ನು ಕೆಳಗಿಟ್ಟು ಒಲೆಯ ಕಡೆ ಹೋದಳು. ಷಡಕ್ಷರಪ್ಪ ಅದೇ ಕಾಯಿಯನ್ನು ಎತ್ತಿಕೊಂಡ. ಒಳಗೆ ಉಂಡೆ ಉರುಳುವುದು ಅಂಗೈಗೆ ತಿಳಿಯಿತು. ಕಿವಿಗೆ ತಿಳಿಯಲಿಲ್ಲ.

ಅಂದಿನಿಂದ ಪಾಠದ ದಾರಿ ಸದ್ದಿಲ್ಲದೆ ಬದಲಾಯಿತು. ಮೊದಲು ಮುಕ್ಕಾಲು ಪಾಲು ಹಾಡು, ಕಾಲು ಪಾಲು ಶಾಸ್ತ್ರ ಇದ್ದದ್ದು ತಿರುಗುಮುರುಗಾಯಿತು. ಜನಕರಾಗ, ಜನ್ಯರಾಗ, ಲಘು, ದ್ರುತ, ಅನುದ್ರುತ ಎಂದು ಮಕ್ಕಳು ಮಗ್ಗಿಯಂತೆ ಒಪ್ಪಿಸುವುದೇ ಹೆಚ್ಚಾಯಿತು. ಎದುರಿಗೆ ಕೂತು ಒಪ್ಪಿಸಿದ ಮಾತು ತುಟಿಯಲ್ಲಾದರೂ ಕಾಣುತ್ತದೆ. ಶ್ರುತಿ ಸೇರಿತೋ ಇಲ್ಲವೋ ಎಂಬುದು ತುಟಿಯಲ್ಲಿ ಕಾಣುವುದಿಲ್ಲ. ಪಾಠಕ್ಕಿಟ್ಟಿದ್ದ ಕರೆಂಟಿನ ಶ್ರುತಿಪೆಟ್ಟಿಗೆಯ ಸದ್ದನ್ನು ದಿನಕ್ಕೊಂದಿಷ್ಟು ಏರಿಸುತ್ತ ಹೋದ. ಎದುರುಮನೆಯ ಗೆಳೆಯ ಚನ್ನಪ್ಪ ಜಗಲಿಯಿಂದಲೇ ಕೂಗಿದ, "ಏನ್ಲಾ ಷಡಕ್ಷರಿ, ಪಾಠ ಮನೆಯೋರಿಗೋ, ಇಲ್ಲ ಬಸ್‌ಸ್ಟ್ಯಾಂಡ್ನೋರಿಗೋ? ನನ್ನ ಎಮ್ಮೆ ಹಾಲು ಇಳಿಸ್ತಿಲ್ಲ ಕಣ್ಲಾ!"

"ನಿನ್ನ ಎಮ್ಮೆಗೆ ಲಯ ಇಲ್ಲ, ಅದಕ್ಕೆ ನಾನೇನ್ಲಾ ಮಾಡ್ಲಿ?" ಎಂದು ನಕ್ಕು ಬಾಗಿಲು ಹಾಕಿಕೊಂಡ. ಹಾಕಿದ ಬಾಗಿಲ ಹಿಂದೆ ಆ ನಗು ಉಳಿಯಲಿಲ್ಲ.

ನಯನಾ ಹಾಡುವಾಗ ಅವನು ಅವಳ ಗಂಟಲಿನ ನರ ನೋಡುತ್ತಿದ್ದ. ನರ ಉಬ್ಬಿತೆಂದರೆ ಮೇಲಿನ ಷಡ್ಜ ಬಂತೆಂದು ಎಣಿಸಿ "ಭೇಷ್" ಎನ್ನುತ್ತಿದ್ದ. ಬೆಳೆಯುವ ಹುಡುಗಿ, ಗಂಟಲೂ ಬದಲಾಗುತ್ತಿತ್ತು. ಏರುವಾಗ ಕೂದಲೆಳೆಯಷ್ಟು ಕೆಳಗೆ ನಿಂತಳು. ಮೇಷ್ಟ್ರು ಭೇಷ್ ಎಂದರು. ಇನ್ನೊಂದೆಳೆ ಇಳಿದಳು. ಮೇಷ್ಟ್ರು ಅದಕ್ಕೂ ಭೇಷ್ ಎಂದರು. ಒಂದು ವರ್ಷ ಭೇಷ್ ಎನಿಸಿಕೊಂಡ ತಪ್ಪು ಅವಳ ಗಂಟಲಲ್ಲಿ ಮನೆ ಕಟ್ಟಿಕೊಂಡು ಕೂತಿತು.

ಮರುವರ್ಷದ ಬೇಸಿಗೆಯಲ್ಲಿ ಅರಸೀಕೆರೆಗೆ ಹೋಗಿ ಜೂನಿಯರ್ ಪರೀಕ್ಷೆ ಬರೆದು ಬಂದಳು. ಆಷಾಢದಲ್ಲಿ ಫಲಿತಾಂಶ ಬಂತು. ಶಾಸ್ತ್ರದಲ್ಲಿ ನೂರಕ್ಕೆ ತೊಂಬತ್ತಾರು. ಹಾಡಿನಲ್ಲಿ ಫೇಲು.

ಬಸವಕುಮಾರ್ ಅಂಗಡಿ ಮುಚ್ಚಿ ನೇರ ಬಂದ. ಜಗಳಕ್ಕೆ ಬಂದವನಲ್ಲ, ಕುಗ್ಗಿ ಬಂದವನು.

"ಮೇಷ್ಟ್ರೇ, ಮಗು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಂಗೆ ಗಂಟ್ಲೇ ಇಲ್ಲ ಕಣಪ್ಪ, ಇನ್ಮೇಲೆ ಹಾಡಲ್ಲ ಅಂತಾಳೆ. ನೀವೇ ಹೇಳಿ, ನಿಜವಾಗ್ಲೂ ಇಲ್ವಾ?"

ಹೇಳಬೇಕಾದ ಮಾತು ಷಡಕ್ಷರಪ್ಪನ ನಾಲಿಗೆಯ ತುದಿಯವರೆಗೆ ಬಂತು. ಆದರೆ ಅದರ ಹಿಂದೆ ಇಪ್ಪತ್ತೆಂಟು ವರ್ಷದ ಹೆಸರು ಸಾಲಾಗಿ ನಿಂತಿತ್ತು.

"ಶಾರೀರ ಅನ್ನೋದು ಎಲ್ರಿಗೂ ಬರಲ್ಲ ಬಸವಕುಮಾರ್" ಎಂದ. "ಅದು ಮೇಲಿನವನು ಕೊಡೋದು. ಓದ್ನಲ್ಲಿ ಚುರುಕಿದಾಳೆ, ಓದಿಸಿ."

ಬಸವಕುಮಾರ್ ತಲೆದೂಗಿ ಎದ್ದುಹೋದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಲಲಿತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಂಡನ ಎದುರಿಗೆ, ಬಾಯಿ ಕಾಣುವಂತೆ ಕೂತಳು.

"ಆ ಹೆಣ್ಣುಮಗೂನ ಗಂಟ್ಲ ಮೇಲೆ ಯಾಕ್ರೀ ಹೊರಿಸಿದ್ರಿ?"

"ಏನು ಹೊರಿಸ್ದೆ?"

"ನಿಮ್ಮ ಕಿವೀನ."

"ಲೇ! ಸ್ವರಕ್ಕೂ ಸಾರಿಗೂ ವ್ಯತ್ಯಾಸ ಗೊತ್ತಿಲ್ಲದೋಳು ನನಗೆ ಹೇಳೋಕ್ಕೆ ಬತ್ತೀಯಾ?"

"ಗೊತ್ತಿಲ್ಲ ಕಣ್ರೀ, ನಂಗೇನೂ ಗೊತ್ತಿಲ್ಲ" ಎಂದಳು ಲಲಿತಮ್ಮ. ದನಿ ಏರಿಸಲಿಲ್ಲ. "ಆದ್ರೆ ನಿಮ್ಮ ಶ್ರುತಿಪೆಟ್ಟಿಗೆ ಸೋಮವಾರದಿಂದ ಕೆಟ್ಟೈತೆ. ದೀಪ ಉರೀತೈತೆ ಅಷ್ಟೆ, ಸೊಲ್ಲಿಲ್ಲ. ನೀವು ದಿನಾ ಬೆಳಿಗ್ಗೆ ಅದರ ಮುಂದೆ ಕೂತು ತಲೆದೂಗ್ತಾ ಹಾಡ್ತಾ ಇದೀರಿ. ನಾಕು ದಿನ ನಾನು ಒಲೆ ಮುಂದೆ ಕೂತು ಅತ್ತಿದೀನಿ."

ಷಡಕ್ಷರಪ್ಪ ಎದ್ದು ಪೆಟ್ಟಿಗೆಯ ಗುಂಡಿ ಒತ್ತಿದ. ಕೆಂಪು ದೀಪ ಹೊತ್ತಿಕೊಂಡಿತು. ಅದರ ಬೆನ್ನಿನ ಮೇಲೆ ಅಂಗೈ ಊರಿದ. ಸತ್ತ ಕರುವಿನ ಮೈ ಮುಟ್ಟಿದಂತಾಯಿತು. ಒಳಗೆ ಮಿಡಿತವೇ ಇರಲಿಲ್ಲ.

ಎಂಟು ದಿನ ಪಾಠವಿಲ್ಲವೆಂದು ಮಕ್ಕಳನ್ನು ಕಳಿಸಿದ. ಒಂಬತ್ತನೆಯ ದಿನ ಬಸವಕುಮಾರನ ಅಂಗಡಿಗೆ ಹೋಗಿ, "ಮಗೂನ ಬೇಲೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೊಬ್ಬರು ಅಮ್ಮ ಇದಾರೆ, ಕೇಳಿಸಿ ಬರಾಣ" ಎಂದ. ಯಾಕೆಂದು ಹೇಳಲಿಲ್ಲ.

ಆ ಅಮ್ಮ ಕೋಮಲವಲ್ಲಿ. ದೇವಸ್ಥಾನದ ಸೇವೆಯ ಮನೆತನ, ನಾಲ್ಕು ತಲೆಮಾರಿನ ಪಾಠ. ಹನ್ನೆರಡು ವರ್ಷದ ಹಿಂದೆ ಅರಸೀಕೆರೆಯ ಒಂದು ಸ್ಪರ್ಧೆಯಲ್ಲಿ ಷಡಕ್ಷರಪ್ಪ ತೀರ್ಪುಗಾರನಾಗಿ ಕೂತಿದ್ದಾಗ, ತುಂಬಿದ ಸಭೆಯಲ್ಲಿ ಮೈಕು ಹಿಡಿದು, "ಮನೆತನ ದೊಡ್ಡದಿರಬಹುದು ಅಮ್ಮ, ಆದ್ರೆ ನಿಮ್ಮ ಶಿಷ್ಯೆಗೆ ಶ್ರುತಿ ಗೂಟ ಕಿತ್ತೈತೆ" ಎಂದಿದ್ದ. ಸಭೆ ನಕ್ಕಿತ್ತು. ಅಂದು ಅವನು ಹೇಳಿದ್ದು ಸರಿಯೇ ಇತ್ತು. ಈಗ ಹೋಗಬೇಕಾದದ್ದು ಅದೇ ಬಾಗಿಲಿಗೆ.

ದೇವಸ್ಥಾನದ ಹಿಂದಿನ ಬೀದಿಯ ಮನೆ. ಕೋಮಲವಲ್ಲಿ ಅವನನ್ನು ನೋಡಿದೊಡನೆ ಗುರುತು ಹಿಡಿದರು. "ಬನ್ನಿ, ಒಳಗೆ ಬನ್ನಿ" ಎಂದು ಚಾಪೆ ಹಾಸಿ, ನೀರು ಕೊಟ್ಟು, ತಂಬೂರಿ ತೆಗೆದರು. ಹಾಡಲೊಲ್ಲೆನೆಂದು ತಲೆ ತಗ್ಗಿಸಿದ ಹುಡುಗಿಯನ್ನು ಪುಸಲಾಯಿಸಿ ಆರೋಹಣ ಹಾಡಿಸಿದರು. ಷಡಕ್ಷರಪ್ಪ ನಯನಾಳನ್ನು ನೋಡಲಿಲ್ಲ, ಕೋಮಲವಲ್ಲಿಯವರ ಹುಬ್ಬು ನೋಡುತ್ತ ಕೂತ. ನಿಷಾದದವರೆಗೆ ಹುಬ್ಬು ಹಾಗೇ ಇತ್ತು. ಮೇಲಿನ ಷಡ್ಜಕ್ಕೆ ಅದು ಸಣ್ಣಗೆ ಗಂಟಿಕ್ಕಿತು.

"ಇನ್ನೊಂದು ಸಲ ಮಗು."

ಮತ್ತೆ ಗಂಟಿಕ್ಕಿತು. ಮೂರನೆಯ ಸಲವೂ ಅಷ್ಟೇ.

"ಇಷ್ಟು ಕೆಳಗೆ ನಿಲ್ತೀಯಲ್ಲ, ನಿನಗೇ ಗೊತ್ತಾಗ್ತಾ ಇಲ್ವಾ?" ಎಂದು ಅವರು ಮೆತ್ತಗೆ ಕೇಳಿದರು.

ನಯನಾ ಲಂಗದ ಅಂಚು ತಿರುಚುತ್ತ ಹೇಳಿದ್ದು ಷಡಕ್ಷರಪ್ಪನಿಗೆ ಕೇಳಿಸಲಿಲ್ಲ, ತುಟಿಯಲ್ಲಿ ಕಾಣಿಸಿತು. "ನಂಗೆ ಶಾರೀರ ಇಲ್ಲ ಅಮ್ಮ. ಮೇಷ್ಟ್ರೇ ಅಪ್ಪನ ಹತ್ರ ಹೇಳಿದಾರೆ."

"ಸುಳ್ಳು!" ಎಂದುಬಿಟ್ಟ ಷಡಕ್ಷರಪ್ಪ. ಕಿವಿ ಕೆಟ್ಟವರ ದನಿ, ಅಳತೆ ಮೀರಿ ಬಂತು. ತಂಬೂರಿಯ ಮೇಲಿನ ಕೈ ನಿಂತಿತು. "ನಾನು ಹೇಳಿದ್ದು ಸುಳ್ಳು ಅಮ್ಮ. ಇವಳ ಗಂಟಲು ಗಟ್ಟಿ ಐತೆ. ಹೋಗಿರೋದು ನನ್ನ ಕಿವಿ. ಒಂದೂವರೆ ವರ್ಷದಿಂದ ಶ್ರುತಿ ನನಗೆ ಕೇಳಿಸ್ತಿಲ್ಲ. ಇವಳು ತಪ್ಪಿದಾಗೆಲ್ಲ ನಾನು ಭೇಷ್ ಅಂದಿದೀನಿ. ಗೂಟ ಕಿತ್ತಿರೋದು ನಂದು."

ಕೋಮಲವಲ್ಲಿ ತಂಬೂರಿಯನ್ನು ಗೋಡೆಗೆ ಒರಗಿಸಿದರು. ಹಳೆಯ ಮಾತು ಅವರಿಗೂ ನೆನಪಿತ್ತು, ಆದರೆ ಅದನ್ನೆತ್ತಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ಡಾಕ್ಟರಿಗೆ ತೋರಿಸಿದೀರಾ?"

"ಇಲ್ಲ ಅಮ್ಮ. ತೋರಿಸಿದ್ರೆ ಹೌದು ಅಂದುಬಿಡ್ತಾರಲ್ಲ."

"ನೋಡಿ, ಹೊಸದಾಗಿ ಕಲಿಸೋದು ಸುಲಭ. ಗಂಟಲಿಗೆ ರೂಢಿಯಾದದ್ದನ್ನ ಮರೆಸೋದಿದೆಯಲ್ಲ, ಅದು ಕಷ್ಟ. ಆಗಬಹುದು, ಆಗದೇನೂ ಹೋಗಬಹುದು. ಭಾನುವಾರ ಭಾನುವಾರ ಕಳಿಸಿ, ನೋಡೋಣ."

ಹಿಂದಿರುಗುವ ಬಸ್ಸು ಹಳೇಬೀಡಿನಲ್ಲಿ ಹತ್ತು ನಿಮಿಷ ನಿಂತಿತು. ಷಡಕ್ಷರಪ್ಪ ಕಡಲೆಕಾಯಿ ಕೊಂಡು ಪೊಟ್ಟಣವನ್ನು ನಯನಾಳ ಮುಂದೆ ಹಿಡಿದ. ಅವಳು ತೆಗೆದುಕೊಳ್ಳದೆ ಅವನ ಕಡೆ ಪೂರ್ತಿ ತಿರುಗಿ, ಅವನಿಗೆ ಕಾಣಲೆಂದೇ ಬಾಯಿ ಬಿಡಿಸಿ ಕೇಳಿದಳು, "ಅಪ್ಪನ ಹತ್ರ ಹಂಗೆ ಹೇಳ್ದಾಗ ನಿಮಗೆ ಗೊತ್ತಿತ್ತಾ ಮೇಷ್ಟ್ರೇ?"

"ಗೊತ್ತಿತ್ತು ಕಣವ್ವ."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಊರು ಬರುವವರೆಗೂ ಈ ಕಡೆ ನೋಡಲಿಲ್ಲ. ಪೊಟ್ಟಣ ಅವನ ತೊಡೆಯ ಮೇಲೆ ಹಾಗೇ ಇತ್ತು.

ಆಮೇಲೆ ಊರಿಗೆಲ್ಲ ತಿಳಿಯಿತು. ಬಸವಕುಮಾರ್ ಬೈಯಲಿಲ್ಲ, ಮಾತು ಬಿಟ್ಟ. ಉಳಿದ ಐದು ಮಕ್ಕಳನ್ನು ಷಡಕ್ಷರಪ್ಪ ತಾನೇ ಬೇರೆ ಕಡೆಗೆ ಹಚ್ಚಿದ. ಲಲಿತಮ್ಮ ಹಟ ಹಿಡಿದು ಹಾಸನಕ್ಕೆ ಕರೆದೊಯ್ದು ಕಿವಿಗೆ ಮೆಷಿನ್ ಹಾಕಿಸಿದಳು. ಅದರಿಂದ ಮಾತು ಕೇಳಿಸುತ್ತದೆ, ಆದರೆ ಸ್ವರವೆಲ್ಲ ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದಂತೆ. ನೋಟ್‌ಬುಕ್ಕನ್ನು ನಯನಾಳಿಗೆ ಕಳಿಸಿದ್ದ. ಮೂರನೆಯ ದಿನವೇ ಅದು ಹಿಂದಿರುಗಿ ಬಂದು ಜಗಲಿಯ ಮೇಲೆ ಕೂತಿತ್ತು.

ಹುಡುಗಿ ಭಾನುವಾರಗಳಂದು ಬೇಲೂರಿಗೆ ಹೋಗುತ್ತಾಳೆ. ಬೆಳಿಗ್ಗೆ ಆರಕ್ಕೆ ಮನೆಯಲ್ಲಿ ಸಾಧನೆ ಮಾಡುತ್ತಾಳೆ. ಆ ಹೊತ್ತಿಗೆ ಷಡಕ್ಷರಪ್ಪ ಮೆಷಿನ್ ತೆಗೆದಿಟ್ಟು ಜಗಲಿಗೆ ಬಂದು ಕೂರುತ್ತಾನೆ. ಲಲಿತಮ್ಮ ಅಂಗಳ ಸಾರಿಸುತ್ತಿರುತ್ತಾಳೆ.

"ಸೇರ್ತಾ ಐತಾ?" ಎಂದು ಕೇಳುತ್ತಾನೆ.

ಸ್ವರ ಅರಿಯದ ಲಲಿತಮ್ಮನಿಗೆ ಇಷ್ಟು ತಿಂಗಳಲ್ಲಿ ಮೇಲಿನ ಷಡ್ಜ ಸೇರಿತೋ ಇಲ್ಲವೋ ಎಂಬುದೊಂದು ಅರ್ಥವಾಗತೊಡಗಿದೆ. ಸಗಣಿ ಕೈಯನ್ನು ಹಾಗೇ ನಿಲ್ಲಿಸಿ, ಎರಡು ಮನೆಯಾಚೆಗೆ ಕಿವಿಗೊಟ್ಟು, ಅವನಿಗೆ ಕಾಣುವಂತೆ ತಲೆಯಲ್ಲಾಡಿಸುತ್ತಾಳೆ.

"ಇವತ್ತೂ ಇಲ್ಲ ಕಣ್ರೀ. ಗರಿ ಹತ್ರಾನೇ ನಿಂತುಬಿಡ್ತದೆ."

ಷಡಕ್ಷರಪ್ಪ ಎದ್ದು ಒಳಗೆ ಹೋಗುತ್ತಾನೆ. ನಾಳೆ ಆರಕ್ಕೆ ಮತ್ತೆ ಬಂದು ಕೂರುತ್ತಾನೆ.