ಬತೇರಿಗೊಂದು ಬಾಗ್ಲು

ನಮ್ಮನೇಲಿ ಯಾವ ಬೈಗುಳ ಬೇಕಾದ್ರೂ ಬೈಬೋದು, ನನ್ನ ಹೆಂಡ್ತಿ ನಿಂಗಕ್ಕ ಕಿವಿಗೇ ಹಾಕ್ಕಳಲ್ಲ. ಕುರಿ ಮೇಯ್ಸೋನ ಬಾಯಿ ಹೆಂಗಿರ್ತದೆ ಅಂತ ಅವಳಿಗೂ ಗೊತ್ತು. ಆದ್ರೆ ‘ಬತೇರಿ’ ಅಂತ ಮಾತ್ರ ಅನ್ನಂಗಿಲ್ಲ. ಆ ಒಂದು ಮಾತು ಹೊಸಿಲು ದಾಟಿ ಒಳಗೆ ಬರಂಗಿಲ್ಲ.

ಬತೇರಿ ಅಂದ್ರೇನು ಅಂತ ನಮ್ಮ ಕಡೆಯೋರಿಗೆ ಹೇಳೋದೇ ಬ್ಯಾಡ. ದುರ್ಗದ ಕೋಟೆ ಗೋಡೆಗೆ ಅಲ್ಲಲ್ಲಿ ದುಂಡಕೆ, ದಪ್ಪಕೆ, ಎದೆ ಉಬ್ಬಿಸ್ಕಂಡು ನಿಂತಿರ್ತದಲ್ಲ, ಕಾವಲುಗಾರ್ರು ನಿಂತು ನೋಡ್ತಿದ್ದ ಜಾಗ, ಅದು. ಓದಿದೋರು ಬುರುಜು ಅಂತಾರೆ, ಕೊತ್ತಲ ಅಂತಾರೆ. ನಾವು ಬತೇರಿ ಅಂತೀವಿ. ನೆಂಟರನ್ನ ಕರ್ಕಂಡು ಕೋಟೆ ನೋಡಕ್ಕೆ ಹೋದಾಗೆಲ್ಲ ನಾನು “ಅಗಾ, ಆ ದುಂಡಂದು ನೋಡ್ರಿ” ಅಂತ ಬೆಟ್ಟು ಮಾಡಿ ತೋರಿಸ್ಬೇಕು. ಇನ್ನು ಕೈಯಾಗೆ ಹಿಡಿಯೋ ದೀಪಕ್ಕೆ ಊರೆಲ್ಲ ಬ್ಯಾಟ್ರಿ ಅಂತಾರಲ್ಲ, ಮದುವೆಯಾದ ಹೊಸದ್ರಾಗೆ ನಾನೂ “ಲೇ, ಬ್ಯಾಟ್ರಿ ಎಲ್ಲೈತೆ?” ಅಂತ ಕೂಗಿದೆ ನೋಡ್ರಿ. ಮುದ್ದೆ ಕೋಲು ಹಿಡ್ಕಂಡು ಬಂದ್ಲು. “ಏನಂದ್ರಿ? ಇನ್ನೊಂದ್ಸಲ ಅನ್ರಿ.” ಅವತ್ತಿಂದ ಟಾರ್ಚು ಅಂತೀನಪ್ಪ.

ಯಾಕೆ ಅಂತೀರಾ? ಹೇಳ್ತೀನಿ, ಹೇಳಿದಾಗೆಲ್ಲ ನನಗೂ ಮೈ ಉರೀತದೆ.

ನಿಂಗಕ್ಕನ ತವರು ತಾಳ್ಯದ ಹತ್ರ ಒಂದು ಹಟ್ಟಿ. ಹರೇದಾಗೆ ಅವಳು ಬಾಗ್ಲೆತ್ತರ ಇದ್ಲು. ಅಗಲ ಭುಜ, ಗಟ್ಟಿ ರಟ್ಟೆ. ಬೆಳೆದ ಟಗರನ್ನ ಹೆಗಲ ಮ್ಯಾಲೆ ಹಾಕ್ಕಂಡು ಹಳ್ಳ ದಾಟೋಳು. ಅವಳಪ್ಪ “ನನ್ಮಗಳು ಇಬ್ಬರು ಗಂಡಸರ ಕೆಲ್ಸ ಮಾಡ್ತಾಳೆ” ಅಂತ ಊರೆಲ್ಲ ಹೇಳ್ಕಂಡು ತಿರುಗೋರು. ಅಂಥೋಳನ್ನ ನೋಡಕ್ಕೆ ಹೊಸದುರ್ಗದಿಂದ ಒಂದು ಗಂಡು ಬಂತು. ಹೆಸ್ರು ದೊಡ್ಡತಿಮ್ಮಪ್ಪ. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಲ್ಲಿ ಬಾಚಣಿಗೆ. ಇವಳು ತಲೆ ಬಗ್ಗಿಸ್ಕಂಡು ಕಾಫಿ ತಟ್ಟೆ ತಂದ್ಲು. ಅವನು ಕಾಲಿಂದ ನೆತ್ತಿತನಕ ನೋಡ್ದ. ನೋಡಿ, ತುಂಬಿದ ಜನದಾಗೆ, ಅವಳಪ್ಪನ ಮುಂದೆ ಅಂದ:

“ಹೆಣ್ಣು ತೋರಿಸ್ತೀವಿ ಅಂತ ಕರೆದು ಬತೇರಿ ತೋರಿಸ್ತೀರಲ್ರಪ್ಪ! ಇದನ್ನ ಮನೆ ತುಂಬಿಸ್ಕಬೇಕಂದ್ರೆ ನಮ್ಮನೆ ಬಾಗ್ಲು ಒಡೀಬೇಕು!”

ನಕ್ಕರು. ಅವನ ಕಡೆಯೋರು ನಕ್ಕರು, ಇವಳ ಕಡೆಯೋರೂ ನಕ್ಕರು. ನಕ್ಕು, ಉಪ್ಪಿಟ್ಟು ತಿಂದು, ಕೈ ತೊಳ್ಕಂಡು ಹೋದ್ರು. ನಾಚ್ಕೆಗೆಟ್ಟೋರು!

ಅವತ್ತೇ ನೀರು ತರೋ ಹೆಂಗಸ್ರ ಬಾಯಿಗೆ ಮಾತು ಬಿತ್ತು. ಊರಾಗೆ ನಿಂಗಕ್ಕದೀರು ಬಾಳ ಜನ ಅವ್ರೆ, ಗುರುತಿಗೆ ಒಂದು ಹೆಸ್ರು ಬೇಕಿತ್ತು, ಸಿಕ್ತು. ರೇಷನ್ ಅಂಗಡಿಯೋನು ಕೂಡ “ಬತೇರಿ ನಿಂಗಕ್ಕ ಯಾರ್ರೀ, ಮುಂದೆ ಬರ್ರಿ” ಅಂತ ಕೂಗೋನು. ಅವಳಪ್ಪ ಹೊಳಲ್ಕೆರೆ ಸಂತೆಗೆ ಹೋಗೋದೇ ಬಿಟ್ರು. ನಾನು ಮೊದಲ ಸಲ ಅವಳನ್ನ ನೋಡಿದಾಗ ಬೆನ್ನು ಬಗ್ಗಿಸ್ಕಂಡು ನಡೀತಿದ್ಲು. ಅಷ್ಟೆತ್ತರದ ಹೆಂಗಸು, ಕುಗ್ಗಿ ಕುಗ್ಗಿ.

ನಾನು ಜವನಗೊಂಡನಹಳ್ಳಿ ಕಡೆಯೋನು. ಮಂದೆ ಹೊಡ್ಕಂಡು ಆ ಕಡೆ ಹೋಗಿದ್ದೆ. ನನ್ನ ಟಗರೊಂದು ಕೆರೆ ಕೆಸರಾಗೆ ಹೂತ್ಕಂಡಿತ್ತು, ನಾನು ಗಿಡ್ಡ, ನನ್ನ ಕೈಲಿ ಆಗಲಿಲ್ಲ. ಅವಳು ಬಂದು ಎಳೆದು ದಡಕ್ಕೆ ಹಾಕಿದ್ಲು. ಮಾರನೇ ದಿನವೇ ಹೆಣ್ಣು ಕೇಳಿದೆ. “ನಿಮ್ಮ ಪಕ್ಕ ನಾನು ನಿಂತ್ರೆ ಜನ ನಗ್ತಾರೆ” ಅಂದ್ಲು. “ನಗ್ಲಿ ಬಿಡು, ಹಲ್ಲು ಅವ್ರವು” ಅಂದೆ. ದೊಡ್ಡತಿಮ್ಮಪ್ಪ ಬ್ಯಾಡ ಅಂದಿದ್ದಕ್ಕೇ ನನಗೆ ಸಿಕ್ಲು ಅಂತ ನಾನು ಒಳಗೊಳಗೇ ಖುಷಿಪಟ್ಟೆ, ಸುಳ್ಳು ಯಾಕೆ ಹೇಳ್ಲಿ. ಅವಳು ಮಾತ್ರ ಮದುವೆಯಾದ ವಾರದಾಗೇ ಅಂದ್ಲು: “ಒಂದಿನ ಅವನ ಕೈಲೇ ಅವನ ಬಾಗ್ಲು ಒಡಿಸ್ತೀನಿ. ಒಡಿಸ್ದಿದ್ರೆ ಕೇಳ್ರಿ.”

ಮರೀತಾಳೆ ಅಂದ್ಕಂಡೆ. ಎಲ್ಲಿ ಮರೀತಾಳೆ! ಹೊಸದುರ್ಗದ ಬೋರ್ಡಿರೋ ಬಸ್ಸು ಬಂದ್ರೆ ಮುಖ ತಿರುಗಿಸ್ತಿದ್ಲು.

ನಮಗೆ ಒಬ್ಬಳೇ ಮಗಳು, ಅಂಜಲಿ. ಅವ್ವನ ಪಡಿಯಚ್ಚು, ಅದೇ ಎತ್ತರ, ಅದೇ ಭುಜ. ಐಟಿಐ ಮಾಡಿ ಹಿರಿಯೂರಾಗೆ ಪಂಪಿನ ಸಾಮಾನು ಮಾಡೋ ವರ್ಕ್‌ಶಾಪಿಗೆ ಸೇರಿದ್ಲು. ಒಂದು ಭಾನುವಾರ ಊಟಕ್ಕೆ ಕುಂತಾಗ “ನನ್ನ ಮಿಷಿನ್ನಿನ ಟರೆಟ್ ಕೆಟ್ಟೈತೆ” ಅಂದ್ಲು.

“ಏನದು ಟರೆಟ್ಟು?” ಅಂದೆ.

“ದುಂಡಂದು ಅಪ್ಪ. ಸುತ್ತಲೂ ಹತಾರ ಸಿಗಿಸಿರ್ತೀವಿ. ಕೊರಿಯೋದು, ಹೆರಿಯೋದು, ಕತ್ತರ್ಸೋದು. ಯಾವುದು ಬೇಕೋ ಅದು ಮುಂದಕ್ಕೆ ಬರೋ ಹಂಗೆ ತಿರುಗ್ತದೆ. ಇಂಗ್ಲಿಷ್ನಾಗೆ ಕೋಟೆ ಮ್ಯಾಲಿರೋದಕ್ಕೂ ಅದೇ ಹೆಸ್ರು. ನಮ್ಮ ಬತೇ...”

ನಾಲಿಗೆ ಕಚ್ಕಂಡ್ಲು. ಒಳಕಲ್ಲಾಗೆ ಚಟ್ನಿ ರುಬ್ತಿದ್ದ ಅವ್ವನ ಕೈ ನಿಂತೋತು. ನಾನು ತಟ್ಟೆ ಹಿಂದಕ್ಕೆ ಸರಿಸ್ಕಂಡೆ, ಏನಾದ್ರೂ ಹಾರಿ ಬಂದ್ರೆ ಅಂತ.

“ತಿರುಗ್ತದಾ ಅದು?” ಅಂದ್ಲು ನಿಂಗಕ್ಕ.

“ಹೂನವ್ವ. ಯುದ್ಧದ ಟ್ಯಾಂಕ್ ಮ್ಯಾಲೆ ತೋಪು ಇಟ್ಟಿರ್ತಾರಲ್ಲ, ಆ ತಲೆಗೂ ಟರೆಟ್ಟೇ ಅಂತಾರೆ. ಅದೂ ತಿರುಗ್ತದೆ. ಎದುರಾಳಿ ಯಾವ ಕಡೆಗೋ ಆ ಕಡೆಗೆ.”

“ಓಹೋ” ಅಂದ್ಲು ನನ್ನ ಹೆಂಡ್ತಿ. ಆ ಮಾತು ಕಿವಿಗೆ ಬಿದ್ದೂ ಅವಳು ನಕ್ಕಿದ್ದು ಅವತ್ತೇ ಮೊದಲು. ಮತ್ತೆ ರುಬ್ಬಕ್ಕೆ ಶುರು ಮಾಡಿದ್ಲು, ಜೋರಾಗಿ.

ಅವ್ವ ನಕ್ಕಿದ್ದು ನೋಡಿ ಅಂಜಲಿಗೆ ಧೈರ್ಯ ಬಂತು. ಅದೇ ವರ್ಕ್‌ಶಾಪಿನ ಚಂದ್ರು ಅನ್ನೋ ಹುಡುಗನ್ನ ಒಪ್ಪಿದೀನಿ ಅಂದ್ಲು. ನಮ್ಮ ಜನವೇ, ಹೊಸದುರ್ಗದೋರು, ಅಪ್ಪಂದು ಸಿಮೆಂಟ್ ಅಂಗಡಿ ಐತೆ, ಅಪ್ಪನ ಹೆಸ್ರು ದೊಡ್ಡತಿಮ್ಮಪ್ಪ.

ಅಯ್ಯೋ ಶಿವನೇ! ಬತೇರಿ ಕಥೆ ಮಗಳಿಗೆ ಗೊತ್ತಿತ್ತು, ಅಂದೋನ ಹೆಸ್ರು ಗೊತ್ತಿರಲಿಲ್ಲ. ಅವನ ಹೆಸರೂ ಆಡಂಗಿರಲಿಲ್ವಲ್ಲ ನಮ್ಮನೇಲಿ. ಆಮೇಲೆ ಕೊಟ್ಟಿಗೆಗೆ ಕರ್ಕಂಡೋಗಿ ಹೇಳ್ದೆ. ಗೋಡೆಗೆ ಒರಗಿ ನಿಂತು ಅತ್ಲು. “ಚಂದ್ರುನ್ನ ಬಿಟ್ಟು ಬ್ಯಾರೆಯೋರನ್ನ ಆಗಲ್ಲ ಅಪ್ಪ. ಆದ್ರೆ ಅವ್ವನಿಗೆ ಹಂಗಂದೋನ ಮನೆಗೂ ಹೋಗಲ್ಲ. ಅವ್ವ ಏನಂತಾಳೋ ಅದೇ ಆಗ್ಲಿ.”

ಅವ್ವ ಅಂದಿದ್ದು ಇಷ್ಟೇ: “ಮನೆ ನೋಡಕ್ಕೆ ಹೋಗಾಣ ನಡೀರಿ.”

ಹೋದ್ವಿ. ನಾನು, ಅವಳು, ಅವಳ ತಮ್ಮ ದುರುಗೇಶ, ಮಗಳು. ಹಸಿರು ಸೀರೆ ಉಟ್ಟು ಬೆನ್ನು ನೆಟ್ಟಗೆ ಮಾಡ್ಕಂಡು ಹೊಸದುರ್ಗದ ಬಸ್ಸು ಹತ್ತಿದ್ಲು. ಊರಾಚೆ ಹೊಸ ಬಡಾವಣೆಯಾಗೆ ದೊಡ್ಡತಿಮ್ಮಪ್ಪನ ಹೊಸ ಮನೆ. ನೋಡಿ ನಾನು ಅಲ್ಲೇ ನಿಂತ್ಬಿಟ್ಟೆ. ಮನೆ ಮೂಲೇಲಿ ದುಂಡಕೆ, ದಪ್ಪಕೆ ಒಂದು ಗೋಪುರ ಎದ್ದಿತ್ತು, ಮ್ಯಾಲೆ ಹಲ್ಲು ಹಲ್ಲಾಗಿ ಕೋಟೆ ತೆನೆ ಬ್ಯಾರೆ, ಗುಲಾಬಿ ಬಣ್ಣ ಬ್ಯಾರೆ. ದುರುಗೇಶ ನನ್ನ ಪಕ್ಕೆಗೆ ತಿವಿದ. ನಿಂಗಕ್ಕ ಮುಖ ಎತ್ತಿ ನೋಡಿದ್ಲು.

“ಬರ್ರಿ ಬರ್ರಿ, ಕುಂತ್ಕಳ್ರಿ” ಅಂತ ದೊಡ್ಡತಿಮ್ಮಪ್ಪ ಬಾಗ್ಲಿಗೇ ಬಂದ. ತಲೆ ಬೋಳಾಗೈತೆ, ಹೊಟ್ಟೆ ಬಂದೈತೆ. ನನ್ನ ಹೆಂಡ್ತಿ ಮುಖವನ್ನ ಸರಿಯಾಗಿ ನೋಡ್ದ, ಕೈ ಮುಗಿದ, “ಚೆನ್ನಾಗಿದೀರಾ ತಾಯಿ?” ಅಂದ. ಗುರುತೇ ಇಲ್ಲ! ಇವಳ ಬದುಕಿಗೆ ಬರೆ ಎಳೆದು ಹೋದ ಬಡ್ಡೀಮಗ, ಇವಳ ಮುಖ ಮರೆತು ಹಾಯಾಗಿ ಅವ್ನೆ.

ಒಳಗೆ ಅವನ ಹೆಂಡ್ತಿ ಶೋಭಾರಾಣಿ, ಸಣ್ಣ ಜೀವ, ಕಾಫಿ ತಂದ್ಲು. ಚಂದ್ರು ಮೂಲೇಲಿ ಕೈ ಕಟ್ಕಂಡು ನಿಂತಿದ್ದ. ನಾಕಾರು ಜನ ಹಿರೇರೂ ಇದ್ರು. ದೊಡ್ಡತಿಮ್ಮಪ್ಪ ಮನೆ ಹೊಗಳಕ್ಕೆ ಶುರು ಹಚ್ಕಂಡ. ತೇಗದ ಬಾಗ್ಲಂತೆ, ಕೆತ್ತನೆಯೋರು ಬಂದು ತಿಂಗಳುಗಟ್ಲೆ ಕೂತಿದ್ರಂತೆ. ಆಮೇಲೆ ಆ ಗೋಪುರಕ್ಕೆ ಬಂದ.

“ಹೊರಗೆ ನೋಡಿದ್ರಲ್ಲ ಬೀಗ್ರೇ? ಟರೆಟ್ ಅಂತಾರೆ ಅದಕ್ಕೆ. ಟರೆಟ್. ಇಂಜಿನಿಯರ್ ಪುಸ್ತಕ ತೆಗೆದು ತೋರಿಸ್ದ, ಮನೆ ಅಂದ್ರೆ ಇದಪ್ಪ, ಹಾಕು ಅಂದೆ. ಇಡೀ ಹೊಸದುರ್ಗದಾಗೆ ಯಾರ ಮನೆಗೂ ಇಲ್ಲ.”

“ನಮ್ಮ ಭಾಷೇಲಿ ಏನಂತಾರೆ ಅದಕ್ಕೆ?” ನಿಂಗಕ್ಕನ ದನಿ ಮೆತ್ತಗಿತ್ತು.

“ನಮ್ಮ ಭಾಷೇಲಿ ಎಲ್ಲೈತೆ ತಾಯಿ! ಅದು ಫಾರಿನ್ನಿಂದು.”

“ಐತೆ. ಬತೇರಿ ಅಂತಾರೆ.”

ದೊಡ್ಡತಿಮ್ಮಪ್ಪ ತೊಡೆ ತಟ್ಕಂಡು ನಕ್ಕ. “ಬತೇರಿ! ಒಳ್ಳೆ ನೆನಪು ಮಾಡಿದ್ರಿ ನೋಡ್ರಿ. ಒಂದು ಕಥೆ ಹೇಳ್ತೀನಿ ಕೇಳ್ರಿ ಬೀಗ್ರೇ.”

“ಅಪ್ಪ, ಅದು ಬ್ಯಾಡ ಈಗ” ಅಂದ ಚಂದ್ರು. ಬೇಜಾನ್ ಸಲ ಕೇಳಿದ್ದ ಅಂತ ಕಾಣ್ತದೆ.

“ಏ ಸುಮ್ನಿರಲೇ. ನಾನು ಹರೇದಾಗೆ ತಾಳ್ಯದ ಕಡೆ ಒಂದು ಹೆಣ್ಣು ನೋಡಕ್ಕೆ ಹೋಗಿದ್ದೆ...”

ಹೇಳ್ದ. ಪೂರ್ತಿ ಹೇಳ್ದ. ಕೈ ಅಗಲ ಮಾಡಿ ತೋರಿಸ್ತಾ, ಎದ್ದು ನಿಂತು ಅವಳು ನಡೆದು ಬಂದಂಗೆ ಕುಣೀತಾ ಹೇಳ್ದ. ನಾನು ಏಳಕ್ಕೆ ಹೋದೆ, ನಿಂಗಕ್ಕ ನನ್ನ ಪಂಚೆ ಹಿಡಿದು ಕೂರಿಸಿದ್ಲು. ದುರುಗೇಶನ ಕಣ್ಣು ಕೆಂಪಗಾಗಿದ್ವು. ಅಂಜಲಿ ನೆಲ ನೋಡ್ತಿದ್ಲು. ಹಿರೇರು ಮಾತ್ರ ನಗ್ತಿದ್ರು.

“...ನಮ್ಮನೆ ಬಾಗ್ಲು ಒಡೀಬೇಕು ಅಂದೆ! ಹೊಟ್ಟೆ ಹಿಡ್ಕಂಡು ನಕ್ಕರು ಎಲ್ರೂ.”

“ಆಮೇಲೆ?” ಅಂದ್ಲು ನಿಂಗಕ್ಕ.

“ಆಮೇಲೇನು? ಅಷ್ಟೇ.”

“ನಿಮಗೆ ಅಷ್ಟೇ” ಅಂತ ಅವಳು ಎದ್ದು ನಿಂತ್ಲು. ಪೂರ್ತಿ ಎತ್ತರಕ್ಕೆ ನಿಂತ್ಲು. ಸೆರಗು ಸೊಂಟಕ್ಕೆ ಸಿಗಿಸಿದ್ಲು. “ನೋಡ್ರಿ ದೊಡ್ಡತಿಮ್ಮಪ್ಪನೋರೇ. ಸರಿಯಾಗಿ ನೋಡ್ರಿ. ನಾನೇ ಆ ಬತೇರಿ.”

ಆ ಮಾತನ್ನ ಅವಳು ತನಗೇ ಅಂದ್ಕಂಡಿದ್ದು ನಾನು ಅವತ್ತೇ ಮೊದಲು ಕೇಳಿದ್ದು. ಅವನ ಮುಖದಾಗಿನ ನಗು ಇಳೀತಾ ಇಳೀತಾ ಹೋಗಿದ್ದು ನೋಡ್ಬೇಕಿತ್ತು ನೀವು.

“ಈ ಬತೇರಿನ ಬ್ಯಾಡ ಅಂದು, ಕೊನೆಗೆ ಮನೆ ನೆತ್ತಿಗೇ ಬತೇರಿ ಕಟ್ಟಿಸ್ಕಂಡಿದೀರಿ. ಇರ್ಲಿ. ನಿಮ್ಮ ಮಗ ಒಳ್ಳೇನು, ಅವನ ಮ್ಯಾಲೆ ನನಗೆ ಸಿಟ್ಟಿಲ್ಲ. ನನ್ಮಗಳು ನನ್ನಂಗೇ ಅವ್ಳೆ, ಕಾಣ್ತದಲ್ಲ? ಅವಳನ್ನ ಮನೆ ತುಂಬಿಸ್ಕಬೇಕಂದ್ರೆ ನೀವೇ ಅಂದಂಗೆ ಬಾಗ್ಲು ಒಡಿಸ್ರಿ. ಹಿತ್ತಲ ಬಾಗ್ಲಲ್ಲ, ಇದೇ ತೇಗದ್ದು. ಗೋಡೆ ಒಡೆದು ಅಗಲ ಮಾಡಿಸ್ರಿ. ಒಡೆಸಿದ ದಿನ ಹೇಳಿ ಕಳಿಸ್ರಿ, ಹೆಣ್ಣು ಕೊಡ್ತೀನಿ. ಒಡೆಸ್ಲಿಲ್ಲ ಅಂದ್ರೆ ನಿಮ್ಮ ಮಗ ಹಂಗೇ ಇರ್ಲಿ, ನನ್ಮಗಳೂ ಹಂಗೇ ಇರ್ತಾಳೆ.”

ಕಾಫಿ ಮುಟ್ಟದೆ ಹೊರಟ್ಲು. ನಾವೂ ಹಿಂದೆ ಹೊರಟ್ವಿ. ಬಸ್ಸಿನಾಗೆ ನಾನು ಕೇಳ್ದೆ, “ಅಲ್ಲ ಕಣೇ, ಅವನು ಒಡೆಸ್ಲಿಲ್ಲ ಅಂದ್ರೆ? ಮಗಳ ಗತಿ?” ಕಿಟಕಿ ಕಡೆ ನೋಡ್ತಾ “ಒಡಿಸ್ತಾನೆ” ಅಂದ್ಲು. ಮಗಳ ಕೈಯನ್ನ ತನ್ನ ತೊಡೆ ಮ್ಯಾಲೆ ಗಟ್ಟಿಯಾಗಿ ಹಿಡ್ಕಂಡಿದ್ಲು. ಅವಳಿಗೂ ಭಯ ಇತ್ತು, ಬೆರಳು ತಣ್ಣಗಿದ್ವು ಅಂತ ಅಂಜಲಿ ಆಮೇಲೆ ಹೇಳಿದ್ಲು.

ದೊಡ್ಡತಿಮ್ಮಪ್ಪ ಹಾರಾಡಿದ. ಹಿರೇರನ್ನ ಕಳಿಸ್ದ, ಸೀರೆ ಕಳಿಸ್ದ, “ತಮಾಷೆಗೆ ಅಂದಿದ್ದಮ್ಮ” ಅಂತ ಹೇಳಿಸ್ದ. ನಿಂಗಕ್ಕ ಸೀರೆ ವಾಪಸ್ ಕಳಿಸಿದ್ಲು. ಅಂಜಲಿ ಊಟ ಸರಿಯಾಗಿ ಮಾಡ್ತಿರಲಿಲ್ಲ, ಆದ್ರೂ ಅವ್ವನ್ನ ಒಂದು ಮಾತು ಕೇಳಲಿಲ್ಲ. ಶ್ರಾವಣ ಕಳೆದ ಮ್ಯಾಲೆ ಒಂದು ಬೆಳಿಗ್ಗೆ ಫೋನ್ ಬಂತು. ಶೋಭಾರಾಣಿ. ಹಿಂದೆ ಧಡ್ ಧಡ್ ಸದ್ದು.

“ಒಡೀತಾ ಅವ್ರೆ ಅಕ್ಕಾ, ಕೇಳಿಸ್ತಾ? ಗಾರೆಯೋರನ್ನ ನಾನೇ ಕರೆಸ್ದೆ, ಅವರ ಜೊತೆ ಚಂದ್ರುನೂ ಸುತ್ತಿಗೆ ಹಿಡಿದವ್ನೆ. ಮದ್ವೆ ಆದಾಗಿಂದ ಆ ಕಥೆ ಕೇಳಿ ಕೇಳಿ ನನಗೆ ಸಾಕಾಗೈತೆ. ಹೇಳಿ ಮುಗಿಸಿ ಇವ್ರು ನನ್ನ ಕಡೆ ತಿರುಗಿ ‘ಈ ಕಡ್ಡಿಗೆ ಕಿಟಕಿ ಸಾಕಿತ್ತು’ ಅನ್ನೋರು. ನೀನು ಅವತ್ತು ಎದ್ದು ನಿಂತ್ಯಲ್ಲ, ನನ್ನ ಜೀವ ತಣ್ಣಗಾತು.”

“ಅವ್ರೆಲ್ಲಿ?” ಅಂದ್ಲು ನಿಂಗಕ್ಕ.

“ಆ ಟರೆಟ್ ಒಳಗೆ ಹೋಗಿ ಕದ ಹಾಕ್ಕಂಡು ಕುಂತವ್ರೆ.”

ನನ್ನ ಹೆಂಡ್ತಿ ಫೋನ್ ಕಿವಿಗೆ ಒತ್ಕಂಡು ಆ ಸದ್ದನ್ನ ಕೇಳ್ತಾ ನಿಂತ್ಲು. ಕೆನ್ನೆ ಮ್ಯಾಲೆ ನೀರು ಇಳೀತಿತ್ತು. “ಇನ್ನೊಂಚೂರು ಹತ್ರ ಹಿಡಿಯವ್ವ, ಸರಿಯಾಗಿ ಕೇಳಿಸ್ಲಿ” ಅಂದ್ಲು. “ಮತ್ತೆ ಅವರನ್ನ ಕೆಳಗೆ ಕರಿ. ಒಂದೇಟು ಅವರ ಕೈಲೂ ಹಾಕಿಸು. ಅಷ್ಟಾಗ್ದೆ ನನ್ಮಗಳು ಬರಲ್ಲ.”

ಹಾಕಿದ. ಅದೂ ಕೇಳಿಸ್ತು, ಒಂದು ಮೆತ್ತನೆ ಏಟು.

ಮದುವೆ ಆತು. ಅಂಜಲಿ ಸೇರು ಒದ್ದು ಆ ಅಗಲ ಬಾಗ್ಲಾಗೆ ಒಳಗೆ ಹೋದ್ಲು, ಅಕ್ಕಪಕ್ಕ ಇನ್ನಿಬ್ಬರು ನಡೆಯೋಷ್ಟು ಜಾಗ ಇತ್ತು. ಈಗ ಹಬ್ಬಕ್ಕೆ, ಹುಣ್ಣಿಮೆಗೆ ನಾವು ಹೋಗ್ತೀವಿ. ತೇಗದ ಹಳೇ ಕದ ಎರಡು, ಹೊಸ ಮರದ್ದು ಇನ್ನೆರಡು, ಕೆತ್ತನೆಗೆ ಕೆತ್ತನೆ ಕೂಡಲ್ಲ. ಮನೆಗೆ ಬಂದೋರೆಲ್ಲ ಮೊದಲು ಅದನ್ನೇ ನೋಡೋದು. ನಿಂಗಕ್ಕ ಬಾಗ್ಲಿಗೆ ಎದುರಾಗಿ ಕುರ್ಚಿ ಹಾಕಿಸ್ಕಂಡು, ಬೆನ್ನು ನೆಟ್ಟಗೆ ಮಾಡ್ಕಂಡು ಕೂರ್ತಾಳೆ.

ಮೊನ್ನೆ ಗೌರಿ ಹಬ್ಬದಾಗೆ ಯಾರೋ ಹೊಸಬ್ರು ಬಂದ್ರು. “ಏನ್ ತಿಮ್ಮಪ್ಪನೋರೇ, ಬಾಗ್ಲು ಇಷ್ಟಗಲ ಯಾಕೆ?” ಅಂದ್ರು.

ದೊಡ್ಡತಿಮ್ಮಪ್ಪ ನನ್ನ ಹೆಂಡ್ತಿ ಕಡೆ ಒಂದು ಸಲ ನೋಡ್ದ, ತಲೆ ತಗ್ಗಿಸ್ದ. “ನಮ್ಮ ಬೀಗಿತ್ತಿ ದೊಡ್ಡೋರು ಕಣ್ರಿ, ಅದಕ್ಕೆ” ಅಂದ.

“ಕೇಳಿಸ್ಲಿಲ್ಲ ಬೀಗ್ರೇ” ಅಂದ್ಲು ಬತೇರಿ ನಿಂಗಕ್ಕ. “ಇನ್ನೊಂದ್ಸಲ ಹೇಳ್ರಿ.”