ಕೆಮ್ಮಣ್ಣಿನ ಪಟ್ಟೆ

ನಮ್ಮ ಮನೆಗೆ ಸುಣ್ಣ ಹೊಡೆಯುವುದು ನಾನು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ನನ್ನ ಹೆಂಡತಿ. ಪ್ರತಿ ಪೊಂಗಲ್‌ಗೂ ಹಾಗೇ. ಕೊನೆಯ ವರ್ಷ ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ. ಕೂತು ಕೂತು ಎಳೆದಳು. ಪಟ್ಟೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯಿತು. ಅವಳು ಹೋದ ಮೇಲೆ ಎರಡು ಪೊಂಗಲ್ ನಾನು ಗೋಡೆ ಮುಟ್ಟಲಿಲ್ಲ.

ಒಂದು ದಿನ ಹೊಲದಿಂದ ಬಂದರೆ, ಕಂಬೈನಲ್ಲೂರಿನ ಡ್ರಾಯಿಂಗ್ ಟೀಚರಮ್ಮ ನಮ್ಮ ಕನಕಾಂಬರದ ಪಾತಿಯ ಆಚೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಈ ತಮಿಳು ಸೀಮೆಯಲ್ಲಿ ನಮ್ಮ ಹಾಗೆ ಕನ್ನಡ ಮಾತಾಡುವವರೇ. ಚಿತ್ರ ಮುಕ್ಕಾಲು ಆಗಿತ್ತು.

"ಮನೆ ಸೆಂದಾಗೈತೆ ಕಣಣ್ಣಾ, ಅದಕ್ಕೇ ಕೂತ್ಕಂಡೆ."

"ಮಾಸಿದ ಗೋಡೆ ಬರ್ದು ಊರಿಗೆಲ್ಲ ತೋರಿಸ್ತೀಯಾ? ಬರೋ ವಾರ ಬಾ ತಾಯಿ. ಮನೆ ಅಂದ್ರೆ ಎಂಗಿರ್ತದೆ ಅಂತ ತೋರಿಸ್ತೀನಿ."

ನಾನು ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೆ ಕೆಲಸಕ್ಕೆ ನಿಂತರೆ ಅರೆಬರೆ ಮಾಡಿದವನಲ್ಲ. ಕಳೆ ಕಿತ್ತೆ, ಜೋತುಬಿದ್ದ ನುಗ್ಗೆ ಕೊಂಬೆ ಕಡಿದೆ. ಸೂರಿನಿಂದ ನೆಲದವರೆಗೆ ಮೂರು ಕೋಟು ಸುಣ್ಣ. ಎಷ್ಟೋ ದಿನದ ಮೇಲೆ ಮನೆಗೆ ಒಬ್ಬರು ಬರುತ್ತಾರೆ ಎನ್ನುವುದೊಂದೇ ತಲೆಯಲ್ಲಿತ್ತು.

ಟೀಚರಮ್ಮ ಬಂದು ನೋಡಿ ನಕ್ಕರು. "ಮದ್ವೆ ಮನೆ ಮಾಡ್ಬುಟ್ರಲ್ಲಣ್ಣಾ." ಆಮೇಲೆ ಕೇಳಿದರು, "ಆ ಕೆಂಪು ಪಟ್ಟೆ ಎಲ್ಲಿ?"

ಆಗಲೇ ನನಗೆ ತಿಳಿದದ್ದು. ಉಗುರಿನಿಂದ ಕೆರೆದೆ. ಸುಣ್ಣದ ಜೊತೆಗೇ ಕೆಮ್ಮಣ್ಣೂ ಉದುರಿತು.

"ನಮ್ಮನೆಯವಳು ಎಳ್ದಿದ್ದು ಅದು," ಅಂದೆ.

ಅವರು ಬ್ರಷ್ ತೆಗೆಯಲೇ ಇಲ್ಲ. ಚೀಲದಿಂದ ಹೋದ ವಾರದ ಚಿತ್ರ ತೆಗೆದು ಕೈಗಿಟ್ಟರು. "ಇದು ನಿಮ್ಮತ್ರನೇ ಇರ್ಲಣ್ಣಾ."

ಈ ಪೊಂಗಲ್‌ಗೆ ಕೆಮ್ಮಣ್ಣು ಕಲಸಿಕೊಂಡು ಗೋಡೆಯ ಮುಂದೆ ಕೂತೆ. ಎಳೆದರೆ ನನ್ನ ಕೈಗೆ ನೇರವಾಗಿಯೇ ಬರುತ್ತದೆ. ಮಣ್ಣು ಬಟ್ಟಲಲ್ಲೇ ಒಣಗಿತು.

ಚಿತ್ರವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಮನೆಯೇ ಇಲ್ಲ. ಬರೀ ಬಣ್ಣದ ಚುಕ್ಕೆ, ಬೆರಣಿ ತಟ್ಟಿದಂತೆ ದಪ್ಪ. ಹಿಂದೆ ಹಿಂದೆ ಸರಿದರೆ ಗೋಡೆ ಬರುತ್ತದೆ, ಕನಕಾಂಬರ ಬರುತ್ತದೆ, ಕೊನೆಗೆ ಏರಿ ಇಳಿಯುವ ಪಟ್ಟೆ. ನಮ್ಮ ಮನೆಯೊಳಗೆ ಅಷ್ಟು ದೂರ ಸಿಗುವುದಿಲ್ಲ. ಅದಕ್ಕೇ ಅಂಗಳದಿಂದ ಕಾಣುವ ಹಾಗೆ ಬಾಗಿಲಿನ ಎದುರು ಗೋಡೆಗೆ ತಗುಲಿಸಿದ್ದೇನೆ. ಹೊಲದಿಂದ ಬಂದವನು ಅಂಗಳದಲ್ಲೇ ನಿಲ್ಲುತ್ತೇನೆ. ಬಾಯಾರಿದ್ದರೂ ಸ್ವಲ್ಪ ಹೊತ್ತು ಒಳಗೆ ಹೋಗುವುದಿಲ್ಲ.