ಎರೆಮಣ್ಣಿನ ಪ್ಲಾಟು

ಚೌಕಾಸಿಗೆ ನಿಂತಾಗ ಇಷ್ಟವಾದದ್ದನ್ನು ಮುಖದ ಮೇಲೆ ತೋರಿಸಬಾರದು. ಇದು ನಾನು ಎಲ್ಲರಿಗೂ ಹೇಳುವ ಮಾತು, ಕೇಳದವರಿಗೂ ಹೇಳುತ್ತೇನೆ. ಉಪ್ಪಲ್ ದಾಟಿ ಆ ಪ್ಲಾಟು ನೋಡಲು ಹೋದ ದಿನ ನಾನು ಎಷ್ಟು ಕಷ್ಟಪಟ್ಟು ಮುಖ ಗಂಟಿಕ್ಕಿಕೊಂಡಿದ್ದೆನೋ ನನಗೇ ಗೊತ್ತು. ಕಾಲ ಕೆಳಗೆ ಎರೆಮಣ್ಣಿತ್ತು. ಕರ್‍ರಗೆ, ಅಂಗೈಯಗಲ ಬಿರುಕು ಬಿಟ್ಟು, ಥೇಟ್ ನಮ್ಮ ರಾಯಚೂರು ಕಡೆಯ ಹೊಲದ ಮಣ್ಣು.

ಹೈದರಾಬಾದಿನಲ್ಲಿ ಅಂಥ ಮಣ್ಣು ನಾನು ನೋಡಿರಲೇ ಇಲ್ಲ. ಗಾರೆ ಕೆಲಸಕ್ಕೆಂದು ಬಂದವನು, ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲೆ ಛತ್ತು ಹಾಕಲು ಬೇಕಾಗುವ ತಗಡು, ಕಂಬ ಬಾಡಿಗೆಗೆ ಕೊಡುವವನಾಗಿದ್ದೆ. ಅಲ್ಲಿ ಎಲ್ಲಿ ಅಗೆದರೂ ಬಂಡೆ. ಆನೆಗಾತ್ರದ ಕಲ್ಲುಗಳಿಗೆ ತೂತು ಕೊರೆದು, ಮದ್ದಿಟ್ಟು ಹಾರಿಸಿದ ಮೇಲೆಯೇ ಬುನಾದಿ. ಒಡೆದ ಕಲ್ಲು ತುಂಬಿದ ಟಿಪ್ಪರುಗಳು ದಿನವಿಡೀ ನನ್ನ ಮುಂದೆಯೇ ಹೋಗುತ್ತಿದ್ದವು. ಎಲ್ಲಿಗೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನನಗೆ ಛತ್ತಿನ ಚಿಂತೆ.

“ಮಣ್ಣು ಮೆತ್ತಗಿದೆ, ಮನೆ ಹೇಗೆ ನಿಲ್ಲುತ್ತದೆ?” ಎಂದು ದಲ್ಲಾಳಿಯ ಮುಂದೆ ಮೂಗು ಮುರಿದೆ. ಅವನು ಎರಡೇ ಮಾತಿಗೆ ರೇಟು ಇಳಿಸಿದ. ಅಷ್ಟು ಬೇಗ ಇಳಿದ ದಲ್ಲಾಳಿಯನ್ನು ನಾನು ಕಂಡಿರಲಿಲ್ಲ. ನನ್ನ ಮಾತಿನ ಬಲ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ನನ್ನ ಹೆಂಡತಿಯೂ ಹಿಗ್ಗಿದಳು. ಹನ್ನೆರಡು ವರ್ಷ ಬಾಡಿಗೆ ಮನೆಯ ಮೂಲೆಯಲ್ಲಿ, ಟ್ಯಾಂಕರಿನ ನೀರನ್ನು ಹನಿಹನಿ ಉಳಿಸಿ ಅಡುಗೆ ಮಾಡಿದವಳು. ಮೊದಲ ದಿನವೇ ಒಂದು ಕೋಲು ಹಿಡಿದು ನೆಲದ ಮೇಲೆ ಗೆರೆ ಎಳೆದಳು.

“ಇದು ಅಡಿಗಿ ಮನಿ. ಮೂಡಲ ಕಡೆ ಕಿಡಕಿ. ಹಿಂದ ಪುಂಡಿಪಲ್ಲೆ ಹಾಕತೀನಿ.”

“ನನಗ ಕೂಡಾಕ ಜಾಗ?”

“ನಿಮಗ್ಯಾಕರಿ? ನೀವು ಮಂದಿಗೆ ಬುದ್ಧಿ ಹೇಳ್ಕೋತ ಬೀದ್ಯಾಗ ಇರ್ತೀರಲ್ಲ.”

ಬುನಾದಿಗೆ ಅಗೆಯಲು ಶುರುಮಾಡಿದ ಮೂರನೆಯ ದಿನ ಅವಳು ಬುತ್ತಿ ತಂದಳು. ತೆಗ್ಗಿನೊಳಗೆ ಇಳಿದು ಏನೋ ಹೆಕ್ಕಿ, ಸೆರಗಿನಲ್ಲಿ ಒರೆಸಿ ನನ್ನ ಅಂಗೈಗಿಟ್ಟಳು. ಕಪ್ಪೆಚಿಪ್ಪು.

“ರೀ, ನಮ್ಮೂರ ಹೊಲದಾಗ ಇದನ್ನ ಯಾವಾಗರ ಕಂಡೀರೇನು?”

“ಯಾರರ ತಿಂದು ಒಗದಿರಬೇಕು.”

“ಊರ ಮಂದೆಲ್ಲಾ ಇಲ್ಲೇ ಉಂಡು ಹೋಗ್ಯಾರೇನು? ತೆಗ್ಗಿನ ತುಂಬ ಅದಾವ.”

ಪಕ್ಕದಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕಿ ನಮ್ಮನ್ನೇ ನೋಡುತ್ತಿದ್ದಳು. “ಇದಿ ಚೆರುವು, ಬಿಡ್ಡಾ,” ಎಂದಳು. ಇದು ಕೆರೆ. ನಾನು ನಿಂತಲ್ಲಿ ಅವಳ ಎಮ್ಮೆಗಳು ಕುತ್ತಿಗೆಯವರೆಗೆ ಮುಳುಗಿ ಈಜುತ್ತಿದ್ದವಂತೆ. ಎರಡು ವರ್ಷದ ಹಿಂದೆ ಯಾರೋ ಕಲ್ಲು ತಂದು ಸುರಿದು ನೀರು ಬರುವ ಕಾಲುವೆ ಮುಚ್ಚಿ, ಅದರ ಮೇಲೆ ರಸ್ತೆ ಮಾಡಿದರಂತೆ. ನಾನು ರಸ್ತೆಯ ಅಂಚಿಗೆ ಹೋಗಿ ಕೂತು ನೋಡಿದೆ. ಕಲ್ಲುಗಳ ಮೈಮೇಲೆ ಮದ್ದು ತುಂಬಲು ಕೊರೆದ ತೂತಿನ ಅರ್ಧ ಗುರುತು ಹಾಗೇ ಇತ್ತು. ಗಚ್ಚಿಬೌಲಿಯ ಕಲ್ಲು. ಅಲ್ಲಿ ಒಂದು ಗುಡ್ಡ ಹೋಗಿ, ಇಲ್ಲಿ ಒಂದು ಕೆರೆ ಹೋಗಿತ್ತು. ಗುಡ್ಡ ಹೋದ ಜಾಗದ ಛತ್ತಿಗೆ ತಗಡು ಕೊಟ್ಟವನು ನಾನು. ಆಗ ಮಣ್ಣೇಕೆ ಅಷ್ಟು ಕಪ್ಪಗಿತ್ತು, ದಲ್ಲಾಳಿಯೇಕೆ ಅಷ್ಟು ಬೇಗ ಇಳಿದ ಎನ್ನುವುದೂ ತಿಳಿಯಿತು.

ಕೂಡಿಟ್ಟದ್ದೆಲ್ಲ ಆ ಕೆಸರಿನಲ್ಲಿತ್ತು. ಮಾರಿದರೆ ಇನ್ನೊಂದು ಕಡೆ ಮನೆ, ಮಾರದಿದ್ದರೆ ಅವಳಿಗೆ ಮನೆಯೇ ಇಲ್ಲ. ನಾನು ವ್ಯಾಪಾರಿ. ತೆಗ್ಗು ಮುಚ್ಚಿಸಿ, ಚಿಪ್ಪು ಮೇಲೆ ಕಾಣದಂತೆ ನೆಲ ಸಾಪು ಮಾಡಿಸಿ, ಗಿರಾಕಿ ಹುಡುಕು ಎಂದು ದಲ್ಲಾಳಿಗೆ ಹೇಳಿದೆ. ಎರಡು ದಿನ ಹೆಂಡತಿಯ ಸಾರಿಗೆ ಉಪ್ಪು ಜಾಸ್ತಿಯಿತ್ತು.

ಬಂದವರು ನಮ್ಮ ಕಡೆಯವರೇ ಆಗಿಬಿಟ್ಟರು. ಬೀದರ ಕಡೆಯ ಹುಡುಗ, ಕಂಪ್ಯೂಟರ್ ಕಂಪನಿಯಲ್ಲಿ ನೌಕರಿ, ಜೊತೆಗೆ ಏಳು ತಿಂಗಳ ಬಸುರಿ ಹೆಂಡತಿ. ಹುಡುಗ ಬಗ್ಗಿ ಒಂದು ಹೆಂಟೆ ಎತ್ತಿಕೊಂಡು ಪುಡಿಮಾಡಿದ. ಅವನ ಮುಖ ಅರಳಿತು.

“ಕಾಕಾ, ಇದು ನಮ್ಮೂರ ಮಣ್ಣs ಅದ ನೋಡ್ರಿ!”

ಚೌಕಾಸಿ ಬಾರದ ಹುಡುಗ. ಇಷ್ಟವಾದದ್ದನ್ನು ಹೀಗೆ ತೋರಿಸಿಬಿಟ್ಟರೆ ನನ್ನಂಥವನ ಕೈಯಲ್ಲಿ ಉಳಿಯುತ್ತಾನೆಯೇ? ನಾನು ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗಿ ನನ್ನ ಹೆಂಡತಿಯ ಕೈ ಹಿಡಿದು ಕೇಳಿದಳು: “ಕಾಕಿ, ಅಡಿಗಿ ಮನಿ ಯಾವ ಕಡಿ ಇಟ್ಟರ ಚಲೋ?”

ಹೆಂಡತಿ ಆ ಮೂಲೆಯ ಕಡೆ ಕೈ ಎತ್ತಿದಳು. “ನಾನಾಗಿದ್ದರ ಅಲ್ಲಿ...” ಎಂದವಳು ಕೈ ಇಳಿಸಿ ನನ್ನನ್ನು ನೋಡಿದಳು.

“ತಮ್ಮಾ,” ಎಂದೆ, “ಇದು ಕೆರಿ. ನಾನು ಮೋಸ ಹೋಗೀನಿ, ನೀ ಹೋಗಬ್ಯಾಡ. ಎಲ್ಲೇ ತಗೊಳ್ಳೂದಿದ್ರೂ ಮಳಿ ಹೊಡದಾಗ ಹೋಗಿ ನೋಡು. ನೀರು ಎಲ್ಲಿ ನಿಲ್ಲತೈತಿ ಅಂತ ಎಮ್ಮಿ ಕಾಯಾವರನ್ನ ಕೇಳು, ದಲ್ಲಾಳಿನ್ನ ಕೇಳಬ್ಯಾಡ.”

ದಲ್ಲಾಳಿ ಹಣೆ ಹಣೆ ಬಡಿದುಕೊಂಡ. “ಕೈಕು ಬೋಲೆ ಸೇಠ್, ಕೈಕು?” ಯಾಕೆ ಹೇಳಿದಿರಿ, ಯಾಕೆ ಎಂದು ಗೋಳಾಡಿದ.

ಮನೆಗೆ ಮರಳುವಾಗ ಆಟೋದಲ್ಲಿ ಹೆಂಡತಿ ಅಂದಳು: “ಇಷ್ಟು ವರ್ಷ ಬಿಟ್ಟಿ ಬುದ್ಧಿ ಹೇಳಿದ್ರಿ. ಇವತ್ತಿಂದು ಒಂದs ಕೆಲಸಕ್ಕ ಬಂತು.” ಆಮೇಲೆ ಉಪ್ಪಲ್ ಬರುವವರೆಗೂ ಕಿಟಕಿಯಿಲ್ಲದ ಆಟೋದ ಹೊರಗೆ ನೋಡುತ್ತ ಕೂತಳು. ಅವಳ ಕಣ್ಣು ಒದ್ದೆಯಾಗಿದ್ದದ್ದು ನನಗೆ ಕಂಡಿತು.

ಶ್ರಾವಣದಲ್ಲಿ ಒಂದು ವಾರ ಬಿಡದೆ ಸುರಿಯಿತು. ಕೊಡೆ ಹಿಡಿದು ಇಬ್ಬರೂ ನೋಡಲು ಹೋದೆವು. ಆ ಸಾಲಿನಲ್ಲಿ ಮನೆ ಕಟ್ಟಿಬಿಟ್ಟವರು ಹಾಸಿಗೆ, ಅಕ್ಕಿ ಚೀಲ ಹೊತ್ತು ಮಾಳಿಗೆ ಏರುತ್ತಿದ್ದರು. ಬೇಸಿಗೆಯಿಡೀ ಟ್ಯಾಂಕರಿಗೆ ಕಾದವರು ಅವರೇ. ನಮ್ಮ ಪ್ಲಾಟಿನ ಗಡಿಕಲ್ಲುಗಳೂ ಕಾಣಲಿಲ್ಲ. ಅಪ್ಪಟ ಕೆರೆ.

“ನೀರು ಇಳಿದ ಮ್ಯಾಲೆ ಮತ್ತ ನೋಡೋಣು, ಯಾರರ ಗಿರಾಕಿ...” ಎಂದೆ. ಬಾಯಿಯ ಚಟ.

“ಯಾರಿಗೆ ಮಾರ್ತೀರಿ? ಮೀನಿಗೇನು?” ಎಂದಳು. ನಕ್ಕಳು. ನಗುತ್ತಲೇ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು, ಕಾಲು ಜಾರುತ್ತಿತ್ತು.

ಮರುದಿನ ಆ ಹುಡುಗನ ಫೋನು. ಹೆಣ್ಣುಮಗು ಹುಟ್ಟಿತ್ತು. ಜೊತೆಗೆ ಇನ್ನೊಂದು ಪ್ಲಾಟು ಕಂಡಿತ್ತು: “ನೀವು ನೋಡಿ ಹೂಂ ಅಂದ್ರಷ್ಟs ತಗೋತೀನಿ, ಕಾಕಾ.” ಮಳೆ ನಿಲ್ಲಲಿ, ಹೋಗೋಣ ಎಂದೆ. ಹೆಂಡತಿ ಆಗಲೇ ಸೆರಗು ಸಿಕ್ಕಿಸಿಕೊಂಡು, ನೆಲ ಚುಚ್ಚಿ ನೋಡಲು ಒಂದು ಹಾರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಮಳಿ ನಿಂತ ಮ್ಯಾಲೆ ಏನ ನೋಡ್ತೀರಿ? ಏಳ್ರಿ.”